ಅವಳ ಕೈ, ನನ್ನ ಬಾಯಿ

ಹೊರಡುವ ಮುಂಚೆ

ಹಾಲೆಂಡಿಗೆ ಹೋಗಿಬಂದವರು ಅಲ್ಲಿನ ಗಾಳಿಗಿರಣಿ, ಹೂವಿನ ಹೊಲಗಳ ವಿಷಯ ಬರೆಯುತ್ತಾರೆ. ಎರಡನ್ನೂ ನಾನು ರೈಲಿನ ಕಿಟಕಿಯಿಂದ ನೋಡಿದ್ದೇನೆ, ಚೆನ್ನಾಗಿವೆ. ಆದರೆ ನಾನು ಬರೆಯಬೇಕಾದದ್ದು ಒಂದು ಚಮಚದ ವಿಷಯ. ರಾಯದುರ್ಗದಿಂದಲೇ ನನ್ನ ಅಂಗಿಯ ಜೇಬಿನಲ್ಲಿ ಬಂದ ಸ್ಟೀಲಿನ ಚಮಚ ಅದು. ವಿಮಾನ ನಿಲ್ದಾಣದ ತಪಾಸಣೆಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅಪಾಯವಿಲ್ಲ ಎಂದು ವಾಪಸು ಕೊಟ್ಟರು. ಪಾಪ, ಅವರಿಗೇನು ಗೊತ್ತು.

ನಾನು ಈರಣ್ಣ. ಹತ್ತನೆಯ ತರಗತಿಯವರೆಗೆ ಓದಿ, ರಾಯದುರ್ಗದ ಜೀನ್ಸ್ ಕಾರ್ಖಾನೆಗಳಲ್ಲಿ ಕಟಿಂಗ್ ಮಾಸ್ಟರ್ ಆಗಿ ವಯಸ್ಸು ಸವೆಸಿದವನು. ನಮ್ಮ ಕೆಲಸದ ರೀತಿ ಹೀಗೆ: ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಎಲ್ಲಕ್ಕಿಂತ ಮೇಲಿನದರ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಮಿಷನ್ ಹಾಯಿಸಬೇಕು. ಕೆಳಗಿನ ಪದರಗಳನ್ನು ಯಾರೂ ಕೇಳುವುದಿಲ್ಲ. ಅವು ಮೇಲಿನದರ ಆಕಾರಕ್ಕೇ ಬರುತ್ತವೆ. ಮನೆಯಲ್ಲಿಯೂ ನಾನು ಇದೇ ಪದ್ಧತಿ ಇಟ್ಟುಕೊಂಡಿದ್ದೆ.

ನನ್ನ ಹೆಂಡತಿ ಗಂಗಮ್ಮ ಮಡಕಶಿರಾ ಕಡೆಯವಳು, ಗುಡಿಬಂಡೆ ಹತ್ತಿರದ ಹಳ್ಳಿ. ರಾಗಿ ಉಂಡು ಬೆಳೆದವಳು ಜೋಳದ ರೊಟ್ಟಿಯ ಮನೆಗೆ ಬಂದಳು. ಬಂದ ಹೊಸತರಲ್ಲಿ ಒಮ್ಮೆ ಮುದ್ದೆ ಮಾಡಿದಾಗ ನಾನು, "ಇದನ್ನ ನುಂಗಬೇಕೋ, ಗ್ವಾಡಿಗೆ ಮೆತ್ತಬೇಕೋ ಹೇಳವಾ," ಎಂದು ಪಂಕ್ತಿಯಲ್ಲಿ ಕೂತವರನ್ನೆಲ್ಲ ನಗಿಸಿದೆ. ಅವಳು ಮತ್ತೆ ಮಾಡಲಿಲ್ಲ. ದಿನಾ ರೊಟ್ಟಿ ಬಡಿದಳು, ಉಳಿದ ಹೊತ್ತಿನಲ್ಲಿ ಜೀನ್ಸಿಗೆ ಜೇಬು ಹೊಲಿದಳು.

ಬಟ್ಟೆ ಕತ್ತರಿಸುವುದಕ್ಕೂ ಕಂಪ್ಯೂಟರ್ ಬಂದು ನಾನು ಮನೆಯಲ್ಲಿ ಕೂತ ವರ್ಷವೇ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಮುಷ್ಟಿಯಾಗಿ ಮುಚ್ಚಿಕೊಂಡಿತು. ಮಾತು ಉಳಿಯಿತು, ಆದರೆ ನಿಧಾನವಾಯಿತು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಬಸ್ಸು ನಿಂತು ಹೊರಡುವಷ್ಟು ಸಂದು. ಆ ಸಂದಿನಲ್ಲಿ ನಾನು ಹತ್ತಿ ಕೂತೆ.

ಎಡಗೈಯಲ್ಲಿ ಉಣ್ಣಲು ಹೋದಳು. "ಎಡಗೈಲೆ ಉಂಡ್ರ ನೋಡಿದೋರು ಏನಂತಾರ?" ಎಂದು ತಡೆದು ನಾನು ಚಮಚ ಹಿಡಿದೆ. ಎದುರುಮನೆಯ ನಾಗರತ್ನಮ್ಮ ಒಂದು ದಿನ ಅದನ್ನು ಕಂಡು, "ಮಾಸ್ಟರು ದೇವರಂಥಾರು ಬಿಡ್ರಿ, ಹೇಣ್ತಿಗೆ ಕೈಯಾರ ಉಣಸ್ತಾರ," ಎಂದಳು. ಮರುದಿನದಿಂದ ನಮ್ಮ ಊಟ ಅಡುಗೆಮನೆಯಿಂದ ಹೊರಗಿನ ಕಟ್ಟೆಗೆ ಬಂತು. ಗಾಳಿ ಚೆನ್ನಾಗಿ ಬರುತ್ತದೆ ಎಂದು ಗಂಗಮ್ಮನಿಗೆ ಹೇಳಿದೆ.

ನಮ್ಮನ್ನು ಹಾಲೆಂಡಿಗೆ ಕಳಿಸಿದ್ದು ಬಳ್ಳಾರಿಯಲ್ಲಿ ಅವಳ ಕೈಗೆ ವ್ಯಾಯಾಮ ಮಾಡಿಸುತ್ತಿದ್ದ ಡಾಕ್ಟರಮ್ಮ. ಹಿಂದೆ ಅವರು ಓದಿದ ಅಲ್ಲಿಯ ಊರಿನಲ್ಲಿ, ಲಕ್ವ ಹೊಡೆದ ಕೈಗೆ ತೊಡಿಸುವ ಒಂದು ಯಂತ್ರದ ಕೈಗವಸು ತಯಾರಾಗಿತ್ತಂತೆ. ಅದನ್ನು ಅಲ್ಲಿಯವರು ಚಾಕು, ಮುಳ್ಳುಚಮಚ ಹಿಡಿಯುವವರ ಮೇಲೆ ಮಾತ್ರ ಪರೀಕ್ಷಿಸಿದ್ದರು. ಬರಿಗೈಯಲ್ಲಿ ಉಣ್ಣುವವರೂ ಲೋಕದಲ್ಲಿ ಬೇಕಾದಷ್ಟು ಇದ್ದಾರೆ ಎಂಬುದು ಯಾರಿಗೋ ತಡವಾಗಿ ಹೊಳೆಯಿತು. ಹೀಗೆ, ಕೈಯಲ್ಲಿ ಉಣ್ಣುವವಳು ಎಂಬ ಒಂದೇ ಅರ್ಹತೆಯ ಮೇಲೆ ಗಂಗಮ್ಮ ವಿಮಾನ ಹತ್ತಿದಳು. ಅವಳಿಗೆ ಉಣಿಸುವವನು ಎಂಬ ಅರ್ಹತೆಯ ಮೇಲೆ ನಾನು ಹತ್ತಿದೆ. ಈ ಎರಡು ಅರ್ಹತೆಗಳು ಒಂದಕ್ಕೊಂದು ಕೂಡುವುದಿಲ್ಲ ಎಂದು ಆಗ ನನಗೆ ಅನ್ನಿಸಲಿಲ್ಲ.

ವಿಮಾನದಲ್ಲಿ ಚಮಚ ಹೊರತೆಗೆದು ಮೊಸರನ್ನ ಉಣಿಸಿದೆ. ಗಗನಸಖಿ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತು ನೋಡಿದಳು. ನನಗೆ ಆಕಾಶದಲ್ಲಿಯೂ ಒಂದು ಕಟ್ಟೆ ಸಿಕ್ಕಿತು. ಗಂಗಮ್ಮ "ನಂಗೆ..." ಎಂದು ಏನೋ ಶುರುಮಾಡಿದಳು. ಎರಡನೆಯ ಪದ ಬರುವುದರೊಳಗೆ ಇನ್ನೊಂದು ಚಮಚ ಒಳಗೆ ಹೋಗಿತ್ತು.

ಪರದೆ ಇಲ್ಲದ ಊರು

ನಾವು ಇಳಿದದ್ದು ಜರ್ಮನಿಯ ಗಡಿಗೆ ಹತ್ತಿರದ ಒಂದು ಊರು. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳ ಊರು. ಈಗ ಗಿರಣಿಗಳ ಕಟ್ಟಡ, ಚಿಮಣಿ ಮಾತ್ರ ಉಳಿದಿವೆ. ಒಳಗೆ ಕಾಫಿ ಮಾರುತ್ತಾರೆ. ನಮಗೆ ಕೋಣೆ ಕೊಟ್ಟಿದ್ದ ಹನ್ನಾ ಎಂಬ ಮುದುಕಿಯ ತಾಯಿ ಅಂಥದೊಂದು ಗಿರಣಿಯಲ್ಲಿ ಹರಿದ ನೂಲಿಗೆ ಗಂಟು ಹಾಕುತ್ತಿದ್ದಳಂತೆ.

"ಬಟ್ಟೆ ಕೆಲಸ ನಿಮ್ಮ ಕಡೆಗೆ ಹೋಯಿತು," ಎಂದಳು ಹನ್ನಾ, ಹವಾಮಾನ ಹೇಳುವವರ ಹಾಗೆ.

"ಹೌದು, ನಾವೇ ತಗೊಂಡ್ವಿ," ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ, ತಪ್ಪಿತಸ್ಥನ ಹಾಗೆ.

"ಪರವಾಗಿಲ್ಲ. ಆಗ ನಮ್ಮಲ್ಲಿ ಕೈಗಳು ಬಟ್ಟೆ ಮಾಡುತ್ತಿದ್ದವು. ಈಗ ಬಟ್ಟೆಯಿಂದ ಕೈ ಮಾಡುತ್ತೇವೆ."

ಇಲ್ಲಿಯ ಜನ ಮನಸ್ಸಿಗೆ ಬಂದದ್ದನ್ನು ಸುತ್ತಿ ಬಳಸದೆ ಹೇಳುತ್ತಾರೆ. ಹನ್ನಾ ನಮಗೆ ಕಾಫಿ ಕೊಟ್ಟು, ತಲೆಗೊಂದರಂತೆ ಬಿಸ್ಕತ್ತು ಕೊಟ್ಟು, ಡಬ್ಬಿಯ ಮುಚ್ಚಳ ಹಾಕಿ ಕಪಾಟಿನೊಳಗಿಟ್ಟಳು. ನಮ್ಮಲ್ಲಿ ಬೇಡ ಬೇಡ ಎಂದರೂ ತಟ್ಟೆಗೆ ಸುರಿಯುತ್ತಾರೆ. ಇಲ್ಲಿ ಬೇಕು ಎನ್ನುವ ಮುಂಚೆ ಡಬ್ಬಿ ಮುಚ್ಚುತ್ತಾರೆ. ಹುಟ್ಟುಹಬ್ಬಗಳ ಕ್ಯಾಲೆಂಡರನ್ನು ಶೌಚದ ಕೋಣೆಯಲ್ಲಿ ತೂಗುಹಾಕುತ್ತಾರೆ. ಮೊದಲ ದಿನ ಅದನ್ನು ನೋಡಿ, ಒಳಗೆ ಹೋಗಲು ದಿನ ಗೊತ್ತುಮಾಡಿದ್ದಾರೇನೋ ಎಂದು ಹೆದರಿ ಹೊರಗೇ ನಿಂತಿದ್ದೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅವರ ಕಿಟಕಿ. ಗೋಡೆಯಷ್ಟಗಲದ ಗಾಜು, ಪರದೆಯೇ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ಒಳಗಿನದೆಲ್ಲ ಕಾಣುತ್ತದೆ. ನಾನು ಊಟದ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದೆ. ಗಂಗಮ್ಮನ ಕೊರಳಿಗೆ ಟವಲು ಕಟ್ಟಿ, ಬೀದಿಗೆ ಕಾಣುವ ಹಾಗೆ ಚಮಚ ಎತ್ತಿದೆ. ಸೈಕಲ್ಲುಗಳು ಹೋದವು, ಬಂದವು. ನಾಯಿ ಹಿಡಿದ ಮುದುಕ ಹೋದ. ಒಬ್ಬರೂ ತಿರುಗಿ ನೋಡಲಿಲ್ಲ. ನೋಡಬಾರದು ಎಂಬುದೇ ಇಲ್ಲಿಯ ಮರ್ಯಾದೆಯಂತೆ. ಬೇಳೆಸಾರು ಆರಿತು.

"ಯಾರ್ನ... ನೋಡ್ತೀರಿ?" ಎಂದಳು ಗಂಗಮ್ಮ.

"ಯಾರ್ನೂ ಇಲ್ಲ. ಬಾಯಿ ತೆಗಿ."

ಕೈಗವಸು

ಪ್ರಯೋಗಶಾಲೆ ಎಂದರೆ ಬಿಳಿ ಕೋಟು, ಗಾಜಿನ ಕೊಳವೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಒಂದು ಅಡುಗೆಮನೆ. ಒಲೆ, ಮೇಜು, ಪಾತ್ರೆ. ರೋಗಿಗಳ ಕೈ ಮನೆಯಲ್ಲಿ ಏನು ಮಾಡಬೇಕೋ ಅದನ್ನೇ ಇಲ್ಲಿ ಮಾಡಿಸುತ್ತಾರಂತೆ. ನಡೆಸುವವಳು ಮರೈಕೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು.

ಗವಸು ನೋಡಿ ನನಗೆ ನಿರಾಸೆಯಾಯಿತು. ರೋಬೋಟ್ ಎಂದರೆ ಉಕ್ಕಿನ ಕೈ ಬರುತ್ತದೆ ಎಂದು ಊರಿನಲ್ಲೆಲ್ಲ ಹೇಳಿ ಬಂದಿದ್ದೆ. ಇದು ಬೂದುಬಣ್ಣದ ತೆಳುಬಟ್ಟೆ, ಬೆರಳುಗಳ ಬೆನ್ನ ಮೇಲೆ ಸಣ್ಣ ದಾರಗಳು, ಸೊಂಟಕ್ಕೊಂದು ಮೋಟಾರಿನ ಡಬ್ಬಿ, ಮುಂಗೈಗೊಂದು ಪಟ್ಟಿ. ತೊಟ್ಟವರು ಬೆರಳು ಬಿಡಿಸಬೇಕು ಎಂದುಕೊಂಡಾಗ ಮುಂಗೈಯ ನರದಲ್ಲಿ ಸಣ್ಣ ಮಿಡಿತ ಏಳುತ್ತದೆ. ಹೊರಗೆ ಕಾಣದಷ್ಟು ಸಣ್ಣದು. ಪಟ್ಟಿ ಅದನ್ನು ಹಿಡಿದು ಮೋಟಾರಿಗೆ ಹೇಳುತ್ತದೆ, ಮೋಟಾರು ದಾರ ಎಳೆಯುತ್ತದೆ, ಬೆರಳು ಬಿಚ್ಚುತ್ತವೆ.

"ಅಂದರೆ, ಇದು ತಾನಾಗಿ ಏನೂ ಮಾಡುವುದಿಲ್ಲ," ಎಂದಳು ಮರೈಕೆ. "ಅವರು ಬಯಸುವವರೆಗೆ ಕಾಯುತ್ತದೆ."

ಇಷ್ಟು ದೂರ ಬಂದದ್ದು ಕಾಯುವ ಯಂತ್ರ ನೋಡಲಿಕ್ಕೇ ಎಂದು ಮನಸ್ಸಿನಲ್ಲೇ ನಕ್ಕೆ.

ಒಪ್ಪಂದ ಸರಳವಾಗಿತ್ತು. ಗಂಗಮ್ಮ ತಾನೇ ಒಂದು ಕೆಲಸ ಆರಿಸಿಕೊಳ್ಳಬೇಕು. ನಮ್ಮ ವಾಸ ಮುಗಿಯುವುದರೊಳಗೆ ಗವಸು ತೊಟ್ಟು ಅದನ್ನು ಮಾಡಿದರೆ, ಒಂದು ಗವಸು ಅವಳ ಜೊತೆ ರಾಯದುರ್ಗಕ್ಕೆ ಬರುತ್ತದೆ. ಆಗದಿದ್ದರೆ ಅವರು ನಮ್ಮ ಕೈಕುಲುಕಿ ಕಳಿಸುತ್ತಾರೆ. ನಮ್ಮದು ಆಂಧ್ರದ ಗಡಿ, ಗಂಗಮ್ಮನಿಗೂ ನನಗೂ ತೆಲುಗು ಬರುತ್ತದೆ. ತೆಲುಗು ಬಲ್ಲ ಹುಡುಗಿಯೊಬ್ಬಳು ಪ್ರಯೋಗಶಾಲೆಯಲ್ಲಿದ್ದಳು, ಆದರೆ ರಜೆಯ ಮೇಲೆ ಊರಿಗೆ ಹೋಗಿದ್ದಳು. ಬರುವವರೆಗೆ ಮಾತು ದಾಟಿಸುವ ಕೆಲಸ ನನ್ನದು.

ಮರೈಕೆ ಗಂಗಮ್ಮನ ಎದುರು ಮೊಣಕಾಲೂರಿ ಕೂತು ಕೇಳಿದಳು: "ಈ ಕೈಯಿಂದ ನಿಮಗೆ ಏನು ಮಾಡಬೇಕು ಅನಿಸುತ್ತದೆ?"

ನಾನು ಕನ್ನಡಕ್ಕೆ ತಿರುಗಿಸಿದೆ. ಗಂಗಮ್ಮ ಯೋಚಿಸಿದಳು. ಮರೈಕೆ ಸುಮ್ಮನೆ ಕಾದಳು. ಅಷ್ಟು ಹೊತ್ತು ಗಂಗಮ್ಮನ ಬಾಯನ್ನು ನೋಡುತ್ತ ಯಾರೂ ಕೂತದ್ದನ್ನು ನಾನು ಕಂಡಿರಲಿಲ್ಲ.

"ನನ್ ಕೈಲಿ... ನಾನೇ... ಉಣ್ಬೇಕು," ಎಂದಳು. ಪೂರ್ತಿ ಹೇಳಿದಳು. ನನಗೆ ಸ್ಪಷ್ಟವಾಗಿ ಕೇಳಿಸಿತು.

ನಾನು ಮರೈಕೆಗೆ ಇಂಗ್ಲಿಷಿನಲ್ಲಿ ಹೇಳಿದ್ದು: "ಗಂಡನಿಗೆ ಜೋಳದ ರೊಟ್ಟಿ ಮಾಡಿಕೊಡಬೇಕು ಅನ್ನುತ್ತಾಳೆ."

ಯಾಕೆ ಹಾಗೆ ಹೇಳಿದೆ ಎಂದು ಬಹಳ ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ರೊಟ್ಟಿಯ ಆಸೆ ಇತ್ತು, ನಿಜ. ಅದಕ್ಕಿಂತ ದೊಡ್ಡದು ಇನ್ನೊಂದು. ಕತ್ತರಿ ಹೋದ ಮೇಲೆ ಊರಿನಲ್ಲಿ ನನಗೆ ಮರ್ಯಾದೆ ತಂದುಕೊಟ್ಟ ಒಂದೇ ಸಾಮಾನು ಆ ಚಮಚ. ಅವಳು ತಾನೇ ಉಂಡರೆ ನಾನು ಕಟ್ಟೆಯ ಮೇಲೆ ಏನು ಮಾಡುತ್ತ ಕೂರಲಿ?

ರೊಟ್ಟಿಯ ದಿನಗಳು

ಹಾಲೆಂಡಿನವರು ಒಂದು ಮಾತನ್ನು ನಂಬಿದರೆಂದರೆ ಬಿಡುವುದಿಲ್ಲ. ಆಫ್ರಿಕಾದವರ ಅಂಗಡಿಯಿಂದ ಜೋಳದ ಹಿಟ್ಟು ಬಂತು. ರೊಟ್ಟಿ ಬಡಿಯುವಾಗ ಅಂಗೈ ಎಷ್ಟು ಅಗಲ ತೆರೆಯಬೇಕು, ಎಷ್ಟು ಜೋರಿಗೆ ಬೀಳಬೇಕು ಎಂದು ಅಳೆಯಲು ನನ್ನ ಕೈಗೇ ತಂತಿ ಕಟ್ಟಿದರು. ಜನ್ಮದಲ್ಲಿ ರೊಟ್ಟಿ ಬಡಿಯದವನು ನಾನು. ನಾನು ಬಡಿದದ್ದು ಕಂಪ್ಯೂಟರಿನ ನಕ್ಷೆಯಲ್ಲಿ, ನಮ್ಮ ಕಡೆಯ ಬೆಟ್ಟದ ಮೇಲಿನ ರತ್ನಗಿರಿ ಕೋಟೆಯ ಹಾಗೆ, ಏರಿಳಿದು ಬಂತು. ಅವರು ಗಂಭೀರವಾಗಿ ಅದನ್ನೇ ಮಾದರಿ ಎಂದು ಇಟ್ಟುಕೊಂಡರು.

ಗಂಗಮ್ಮನಿಗೆ ಗವಸು ತೊಡಿಸಿದರು. ಮುಷ್ಟಿ ಬಿಚ್ಚಲಿಲ್ಲ. ನಾನು ಪಕ್ಕದಲ್ಲಿ ನಿಂತು ಹುರಿದುಂಬಿಸಿದೆ.

"ತೆಗಿ! ಕೈ ತೆಗಿ! ಅಗಲ ಮಾಡು! ಯಾಕ ತಡಾ?"

ನಾನು ಕೂಗಿದಷ್ಟೂ ಮುಷ್ಟಿ ಬಿಗಿಯಿತು. ಕಂಪ್ಯೂಟರಿನ ಗೆರೆ ಸತ್ತ ಹಾವಿನಂತೆ ಮಲಗಿತ್ತು. ರಾಯದುರ್ಗದಲ್ಲಿ ನನ್ನ ದನಿಗೆ ಇಡೀ ಕಟಿಂಗ್ ವಿಭಾಗ ಎದ್ದು ನಿಲ್ಲುತ್ತಿತ್ತು. ಇಲ್ಲಿ ಒಂದು ಗವಸು ಕ್ಯಾರೇ ಅನ್ನಲಿಲ್ಲ.

"ಯಂತ್ರಕ್ಕೆ ನಿಮ್ಮ ದನಿ ಕೇಳುವುದಿಲ್ಲ," ಎಂದಳು ಮರೈಕೆ. "ಅವರ ಸ್ನಾಯುವಿಗೆ ಕೇಳುತ್ತದೆ, ಅದಕ್ಕೇ ಬಿಗಿಯುತ್ತಿದೆ. ನೀವು ತುಂಬಾ ಮಾತಾಡುತ್ತೀರಿ."

ಇದನ್ನು ಅವಳು ನಗುತ್ತ ಹೇಳಿದಳು. ನಮ್ಮ ಕಡೆ ಇಷ್ಟನ್ನು ಹೇಳಬೇಕಾದರೆ ಎರಡು ಮನೆತನದ ಹಿರಿಯರು ಸೇರಬೇಕು.

ಮರುದಿನ ಹಿಟ್ಟು ಗವಸಿನೊಳಗೆ ಹೊಕ್ಕು ದಾರ ಸಿಕ್ಕಿಕೊಂಡಿತು. ಆಗ ನನ್ನ ವಿದ್ಯೆ ನೆನಪಾಯಿತು. ಗವಸಿನ ಮೇಲೊಂದು ಕವಚ ಕತ್ತರಿಸಿ ಕೊಡುತ್ತೇನೆ ಎಂದು ಹನ್ನಾಳ ಹಳೆಯ ಜೀನ್ಸ್ ಪ್ಯಾಂಟು ಬೇಡಿ ತಂದು, ಅವಳ ಮಿಷನ್ನಿನಲ್ಲೇ ಹೊಲಿದೆ. ನೋಡಲು ಬಹಳ ಚೆಂದ ಬಂತು. ತೊಡಿಸಿದರೆ ಮೋಟಾರು ಒಮ್ಮೆ ನರಳಿ ನಿಂತುಬಿಟ್ಟಿತು. ಬಟ್ಟೆ ಬಹಳ ದಪ್ಪವಾಗಿತ್ತು. ನನ್ನ ಇಡೀ ಜೀವಮಾನದ ಅನುಭವವನ್ನು ಹೊದಿಸಿದರೆ ಯಂತ್ರಕ್ಕೂ ಕೈ ಎತ್ತಲಾಗಲಿಲ್ಲ.

ದಿನಗಳು ಹೀಗೆ ಕಳೆದವು. ಆಗುವುದಿಲ್ಲವೇನೋ ಎಂಬ ಮುಖ ಮರೈಕೆಯದು. ಗಂಗಮ್ಮ ಹಿಟ್ಟಿನ ಮುಂದೆ ಮುಷ್ಟಿ ಇಟ್ಟುಕೊಂಡು ಕಿಟಕಿಯಾಚೆಯ ಮಳೆ ನೋಡುತ್ತಿದ್ದಳು.

ಹನ್ನಾಳ ಹುಟ್ಟುಹಬ್ಬ

ಇಲ್ಲಿ ಹುಟ್ಟುಹಬ್ಬವೆಂದರೆ ಕುರ್ಚಿಗಳನ್ನು ಗುಂಡಗೆ ಹಾಕಿ ಎಲ್ಲರೂ ಕೂತುಕೊಳ್ಳುವುದು. ಬಂದವರು ಹುಟ್ಟಿದವರಿಗಷ್ಟೇ ಅಲ್ಲ, ಕೂತವರಿಗೆಲ್ಲ ಕೈಕುಲುಕಿ ಶುಭಾಶಯ ಹೇಳುತ್ತಾರೆ. ಹನ್ನಾ ಹುಟ್ಟಿದ್ದಕ್ಕೆ ನನ್ನನ್ನೂ ಅಭಿನಂದಿಸಿದರು. ನಾನು ವಿನಯದಿಂದ ಸ್ವೀಕರಿಸಿದೆ.

ಗಂಗಮ್ಮನ ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಕೇಕು. ಅವಳು ಎಡಗೈ ಚಾಚಿದಳು. ನಾನು ಕುರ್ಚಿಯಿಂದ ಹಾರಿ, ಜೇಬಿನ ಚಮಚ ತೆಗೆದು, ಕೇಕು ಮುರಿದು ಅವಳ ಬಾಯಿಯ ಕಡೆ ಎತ್ತಿದೆ. ಇಷ್ಟು ದಿನಕ್ಕೆ ಸಭಿಕರು ಸಿಕ್ಕಿದ್ದರು. ಸುತ್ತ ನೋಡಿದೆ.

ಯಾರೂ ಎದೆಯ ಮೇಲೆ ಕೈಯಿಟ್ಟುಕೊಳ್ಳಲಿಲ್ಲ. ಹನ್ನಾ ಕೇಳಿದಳು: "ಅವರು ಕೇಳಿದರೇ?"

"ಏನು?"

"ಸಹಾಯ. ನನಗೆ ಕೇಳಿಸಲಿಲ್ಲ. ಅದಕ್ಕೆ ವಿಚಾರಿಸಿದೆ."

ಚಮಚ ಅರ್ಧ ದಾರಿಯಲ್ಲಿ ನಿಂತಿತು. ಗಂಗಮ್ಮ ಬಾಯಿ ತೆರೆಯಲಿಲ್ಲ. ಎಡಗೈಯಲ್ಲಿ ಕೇಕು ತೆಗೆದುಕೊಂಡು, ಸೀರೆಯ ಮೇಲೆ ಒಂದಿಷ್ಟು ಬೀಳಿಸಿಕೊಂಡು, ತಿಂದಳು. ಮಾತು ಮತ್ತೆ ಹವಾಮಾನಕ್ಕೆ ಹೋಯಿತು. ಚಮಚದ ಮೇಲಿನ ಕೇಕನ್ನು ನಾನೇ ತಿಂದೆ.

ಸ್ವಾತಿ ಬಂದಳು

ನಾವು ಹೊರಡುವ ದಿನ ಹತ್ತಿರವಾದಾಗ ತೆಲುಗು ಹುಡುಗಿ ಸ್ವಾತಿ ರಜೆ ಮುಗಿಸಿ ಬಂದಳು. ಮದನಪಲ್ಲಿ ಕಡೆಯವಳು. ನಮಸ್ಕಾರ ಮಾಡಿ, ಗಂಗಮ್ಮನ ಪಕ್ಕ ಕುರ್ಚಿ ಎಳೆದುಕೊಂಡು, ನಮ್ಮ ಸಂತೆಯಲ್ಲಿ ಕೇಳುವಂಥ ತೆಲುಗಿನಲ್ಲಿ, "ಅಮ್ಮಾ, ಮೀಕು ಏಮಿ ಕಾವಾಲಿ?" ಎಂದಳು. ನಿಮಗೆ ಏನು ಬೇಕಮ್ಮ?

ನಾನು ಬಾಯಿ ತೆರೆದೆ. ಮರೈಕೆ ಬೆರಳೆತ್ತಿದಳು. ಮುಚ್ಚಿದೆ.

ಗಂಗಮ್ಮ ನನ್ನನ್ನು ನೋಡಲಿಲ್ಲ. "ನಾ ಚೇತ್ತೋ... ನೇನು... ತಿನಾಲ," ಎಂದಳು. ನನ್ನ ಕೈಯಿಂದ ನಾನೇ ಉಣ್ಣಬೇಕು. ಸ್ವಲ್ಪ ತಡೆದು, "ಈಯನ... ತಿನಿಪಿಂಚೇದಿ... ಒದ್ದು." ಇವರು ಉಣಿಸುವುದು ಬೇಡ.

ಸ್ವಾತಿ ಇಂಗ್ಲಿಷಿಗೆ ತಿರುಗಿಸಿದಳು. ಮರೈಕೆ ಮೇಜಿನ ಮೇಲಿನ ಜೋಳದ ಹಿಟ್ಟನ್ನು ನೋಡಿದಳು, ಆಮೇಲೆ ನನ್ನನ್ನು. "ರೊಟ್ಟಿ?"

ಲಕ್ವದ ಮಾತು, ನನಗೆ ಸರಿಯಾಗಿ ತಿಳಿಯಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಎಲ್ಲರೂ ನಂಬುತ್ತಿದ್ದರು. ಆ ಸುಳ್ಳು ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಗಂಗಮ್ಮ ಆಗ ನನ್ನ ಕಡೆ ತಿರುಗಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಈ ಮನುಷ್ಯ ಈಗ ಏನು ಹೇಳುತ್ತಾನೆ ಎಂಬುದು ತನಗೆ ಗೊತ್ತೇ ಇದೆ ಎಂಬ ದಣಿವಿತ್ತು.

"ಮೊದಲನೇ ದಿನವೂ ಅವಳು ಇದನ್ನೇ ಹೇಳಿದ್ದು," ಎಂದೆ. "ನನಗೆ ಕೇಳಿಸಿತ್ತು. ರೊಟ್ಟಿ ನನ್ನದು."

ನಮ್ಮ ಕಡೆಯಾಗಿದ್ದರೆ ಒಂದು ಗಂಟೆ ಬೈದು, ಕೊನೆಗೆ ಚಹಾ ಕೊಟ್ಟು ಕ್ಷಮಿಸಿಬಿಡುತ್ತಿದ್ದರು. ಇಲ್ಲಿ ಬೈಗುಳವೂ ಇಲ್ಲ, ಚಹಾವೂ ಇಲ್ಲ. ಮರೈಕೆ ಹಿಟ್ಟಿನ ಚೀಲ ತೆಗೆದು ಬದಿಗಿಟ್ಟು, "ಸರಿ. ಬೇರೆ ಏನಾದರೂ ಆಸೆ ಇದೆಯೇ, ಕೇಳು," ಎಂದು ಸ್ವಾತಿಗೆ ಹೇಳಿದಳು.

ಗಂಗಮ್ಮ ಈ ಸಲ ಕನ್ನಡದಲ್ಲೇ ಹೇಳಿದಳು: "ಇವ್ರ್ ಬಾಯಿಗೆ... ಬೀಗ... ಹಾಕ್ಬೇಕು."

ಸ್ವಾತಿಗೆ ಕನ್ನಡ ಬಾರದು, ಅದನ್ನು ದಾಟಿಸುವ ಕೆಲಸ ನನಗೇ ಬಂತು. ಈ ಸಲ ಒಂದಕ್ಷರ ಬಿಡದೆ ದಾಟಿಸಿದೆ. ಮರೈಕೆ ಗಂಭೀರವಾಗಿ ಯೋಚಿಸಿ, "ಕೀಲಿ ತಿರುಗಿಸಲು ಹೆಬ್ಬೆರಳಿಗೆ ಶಕ್ತಿ ಬೇಕು. ಅದು ಮುಂದಿನ ಹಂತ," ಎಂದಳು. ಸ್ವಾತಿ ಗೋಡೆಯ ಕಡೆ ತಿರುಗಿ ನಕ್ಕಳು. ಗಂಗಮ್ಮನೂ ನಕ್ಕಳು. ನಗುವಾಗ ಅವಳ ಮುಷ್ಟಿ ಸಡಿಲವಾದದ್ದನ್ನು ಕಂಪ್ಯೂಟರ್ ತೋರಿಸಿತು.

ಮುದ್ದೆ

ರಾಗಿ ಹಿಟ್ಟು ಸ್ವಾತಿಯ ಮನೆಯಿಂದ ಬಂತು. ಅವರ ಕಡೆ ಮುದ್ದೆಗೆ ಸಂಗಟಿ ಎನ್ನುತ್ತಾರೆ; ಊರಿನಿಂದ ಅವಳ ತಾಯಿ ಕಟ್ಟಿಕೊಟ್ಟಿದ್ದಳು. ಮುದ್ದೆ ತಿರುವಿದ್ದು ಸ್ವಾತಿ, ತಪ್ಪು ಹೇಳುತ್ತ ಕೂತದ್ದು ಗಂಗಮ್ಮ. "ಉಂಡಲು... ಉಂಡಲುನ್ನಾಯಿ... ಒದಲಕು." ಗಂಟಿದೆ, ಬಿಡಬೇಡ. ಹುಳಿಸಾರು ಆಯಿತು. ಗವಸಿನ ಮೇಲೆ ತೆಳು ಪ್ಲಾಸ್ಟಿಕ್ ತೊಡಿಸಿದರು.

ನನಗೆ ಗೋಡೆಯ ಬಳಿ ಒಂದು ಕುರ್ಚಿ ಹಾಕಿ ಮರೈಕೆ ಹೇಳಿದಳು: "ನಿಮ್ಮ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತುಕೊಳ್ಳಿ. ಇದು ಎಲ್ಲ ಗಂಡಂದಿರಿಗೂ ಹೇಳುವ ಮಾತು."

ಕೂತೆ. ಕೈಗಳ ಮೇಲೆ ನನ್ನ ಇಡೀ ಭಾರ.

ಗಂಗಮ್ಮ ಮುದ್ದೆಯನ್ನು ನೋಡಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೋಟಾರು ಸಣ್ಣಗೆ ಗುಂಯ್ ಎಂದಿತು. ಬೆರಳುಗಳು ಒಂದೊಂದಾಗಿ, ನಿದ್ದೆಯಿಂದ ಎದ್ದವರಂತೆ, ಬಿಚ್ಚಿದವು. ಮುದ್ದೆಯ ಮೇಲೆ ಮುಚ್ಚಿದವು. ತುತ್ತು ಮುರಿಯಿತು, ಸಾರಿಗೆ ಬಿತ್ತು, ಮೇಜಿಗೆಲ್ಲ ಸಾರು ಎರಚಿತು. ತೊಡೆಯ ಕೆಳಗೆ ನನ್ನ ಕೈ ಮಿಡುಕಿತು. ಇನ್ನೊಂದು ತುತ್ತು ಗಲ್ಲದವರೆಗೆ ಹೋಗಿ ಜಾರಿತು. ಯಾರೂ ಅಯ್ಯೋ ಎನ್ನಲಿಲ್ಲ. ಅದರ ಮುಂದಿನದು ಬಾಯಿಗೆ ಹೋಯಿತು. ಅಗಿಯದೆ ನುಂಗಿ, ಕಣ್ಣು ಮುಚ್ಚಿ ಕೂತಳು.

ಎಲ್ಲರೂ ಏನನ್ನುತ್ತಾಳೋ ಎಂದು ಕಾದೆವು.

"ಉಪ್ಪು... ಕಮ್ಮಿ," ಎಂದಳು.

ನನ್ನ ಚಮಚದಿಂದ ಉಂಡ ಅಷ್ಟು ಕಾಲದಲ್ಲಿ ಅವಳು ಒಮ್ಮೆಯೂ ರುಚಿಯ ಮಾತು ಎತ್ತಿರಲಿಲ್ಲ. ನಾನೂ ಕೇಳಿರಲಿಲ್ಲ.

ಗವಸು ನಮ್ಮ ಜೊತೆ ಬಂತು. ಬರುವಾಗ ವಿಮಾನ ನಿಲ್ದಾಣದ ತಪಾಸಣೆಯವರು ಅದರ ಡಬ್ಬಿ, ದಾರ, ಪಟ್ಟಿ ಎಲ್ಲವನ್ನೂ ಹರಡಿಕೊಂಡು ಇದೇನು ಎಂದು ಕೇಳಿದರು. ಉತ್ತರ ನನ್ನ ಬಾಯಲ್ಲಿತ್ತು. ನುಂಗಿಕೊಂಡು ಗಂಗಮ್ಮನ ಕಡೆ ತೋರಿಸಿದೆ. ಅವಳು ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಹಿಂದೆ ಉದ್ದ ಸಾಲು ಬೆಳೆದಿತ್ತು.

ಮತ್ತೆ ಕಟ್ಟೆ

ರಾಯದುರ್ಗದಲ್ಲಿ ಊಟ ಈಗಲೂ ಕಟ್ಟೆಯ ಮೇಲೆಯೇ. ಅದು ಗಂಗಮ್ಮ ಹೇಳಿದ್ದು. ಗಾಳಿ ನಿಜವಾಗಿಯೂ ಚೆನ್ನಾಗಿ ಬರುತ್ತದೆ. ನಾನು ಮುದ್ದೆ ತಿರುವುವುದನ್ನು ಕಲಿಯುತ್ತಿದ್ದೇನೆ. ಗಂಟಾಗುತ್ತದೆ. ಗೋಡೆಗೆ ಮೆತ್ತಬಹುದು.

ಬಂದ ಹೊಸತರಲ್ಲಿ ನಾಗರತ್ನಮ್ಮ ಉಕ್ಕಿನ ಕೈ ನೋಡಲು ಬಂದಳು. ಬಟ್ಟೆಯ ಗವಸು ಕಂಡು ಮುಖ ಸಣ್ಣದು ಮಾಡಿದಳು. ಗಂಗಮ್ಮನ ತುತ್ತು ತಟ್ಟೆಗೆ ಬಿತ್ತು, ಮತ್ತೆ ಬಿತ್ತು.

"ಅಲ್ರಿ ಮಾಸ್ಟರ, ಸುಮ್ನ ನೋಡ್ಕಂತ ಕುಂತೀರಲ್ಲ! ಪರದೇಶಕ್ಕ ಹೋಗಿ ಬಂದಮ್ಯಾಲ ಹೇಣ್ತಿಗೆ ಉಣಸಾದು ಬಿಟ್ಟೇಬಿಟ್ರ್ಯಾ?"

ಕಟ್ಟೆಯ ಮೇಲೆ ನನ್ನ ಹೆಸರು ಹೋಗುತ್ತಿತ್ತು. ಹೇಳಲು ನನ್ನಲ್ಲಿ ಒಳ್ಳೊಳ್ಳೆಯ ಉತ್ತರಗಳಿದ್ದವು. ಯಾವುದನ್ನೂ ಆಡದೆ ಗಂಗಮ್ಮನ ಮುಖ ನೋಡಿದೆ. ಬೀದಿಯಲ್ಲಿ ಒಂದು ಆಟೋ ಬಂದು, ಜನ ಇಳಿಸಿ, ಮತ್ತೆ ತುಂಬಿಕೊಂಡು ಹೋಯಿತು.

"ಅವ್ರು ಬಿಡ್ಲಿಲ್ಲ... ನಾಗರತ್ನಮ್ಮ," ಎಂದಳು ಗಂಗಮ್ಮ. "ನಾನು... ಬಿಡ್ಸಿದೆ."

ಗವಸು ಗುಂಯ್ ಎಂದಿತು. ತುತ್ತು ಬಾಯಿಗೆ ಹೋಯಿತು. ನಾಗರತ್ನಮ್ಮ ಸೆರಗು ಸರಿಮಾಡಿಕೊಂಡು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದಳು.

ಗಂಗಮ್ಮ ನುಂಗಿ, ನನ್ನ ತಟ್ಟೆ ನೋಡಿದಳು. ರೊಟ್ಟಿ ಮುರಿದಿರಲಿಲ್ಲ, ಪಲ್ಯ ಆರಿತ್ತು. ನನ್ನ ಎರಡೂ ಕೈ ತೊಡೆಯ ಕೆಳಗಿದ್ದವು.

"ನೀವೂ... ಉಣ್ಣಿ," ಎಂದಳು. "ಕೈ... ತೆಗೀರಿ."